ಶಾವಿಗೆ ಒರಳಿಗೆ ಲಾರಿ ಸ್ಟೇರಿಂಗ್

ನಮ್ಮ ಭಾವ ಇವತ್ತಿನವರೆಗೆ ಅಂಗಡಿಯಿಂದ ಒಂದು ಚಿಲಕ ಕೊಂಡು ತಂದವರಲ್ಲ. ಹಾಗೆಂದು ಅವರ ಮನೆಯ ಬಾಗಿಲುಗಳಿಗೆ ಚಿಲಕವೇ ಇಲ್ಲವೆಂದು ನೀವು ತಿಳಿದರೆ, ನಮ್ಮ ಭಾವ ಯಾರೆಂದು ನಿಮಗೆ ಗೊತ್ತಿಲ್ಲ ಎಂದೇ ಅರ್ಥ!

ಭಾವ ಅಂದರೆ ನನ್ನ ಅಕ್ಕನ ಗಂಡ. ಮಾರನಹಳ್ಳಿಯಲ್ಲಿ ಹೆದ್ದಾರಿ ಬಿಟ್ಟು ಒಳಗೆ ಇಳಿದರೆ ಅವರ ಕಾಫಿ ತೋಟ. ತೋಟವನ್ನು ನೋಡಿಕೊಳ್ಳುವುದು ಅಕ್ಕ. ಭಾವ ನೋಡಿಕೊಳ್ಳುವುದು ಮನೆಯ ಹಿಂದಿನ ಹಳೇ ಪಲ್ಪರ್ ಶೆಡ್ಡನ್ನು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಆ ಯಂತ್ರ ಅಲ್ಲಿಂದ ಹೋಗಿ ಎಷ್ಟೋ ಕಾಲವಾಯಿತು. ಈಗ ಅಲ್ಲೊಂದು ಮರದ ಬೆಂಚು, ಬೆಂಚಿನ ಮೂಲೆ ಕಚ್ಚಿಕೊಂಡು ಕೂತ, ಕಬ್ಬಿಣವನ್ನು ಬಿಗಿಯಾಗಿ ಹಿಡಿಯುವ ವೈಸು, ಎಲ್ಲಿಂದಲೋ ಬಂದು ಸೇರಿಕೊಂಡ, ಕಬ್ಬಿಣ ಕಡೆಯುವ ಒಂದು ಮುದಿ ಲೇತು, ಗೋಡೆಯ ಮೇಲೆ ಸಾಲಾಗಿ ಉಜ್ಜುವ ಅರಗಳು: ಚಪ್ಪಟೆ, ದುಂಡು, ಮೂರು ಮೂಲೆಯದು, ಇಲಿಬಾಲದಂಥದು. ಅಕ್ಕನ ಸೀರೆಗಳಿಗೆ ಬೀರುವಿನಲ್ಲಿ ಅಷ್ಟು ಅಚ್ಚುಕಟ್ಟಾದ ಜಾಗವಿಲ್ಲ. ಇದರಿಂದ ಅವರು ಸಂಪಾದನೆ ಮಾಡುತ್ತಾರಾ ಎಂದು ಕೇಳಬೇಡಿ. ಕೇಳಿದವರಿಗೆ ಒಂದು ಬೋಲ್ಟು ತೋರಿಸುತ್ತಾರೆ. ಅದನ್ನು ನೋಡಿ ನೀವು ಏನಾದರೂ ಹೇಳಲೇಬೇಕು.

ನಾನಿರುವುದು ಆಲೂರಿನಲ್ಲಿ. ಶನಿವಾರ ಮಧ್ಯಾಹ್ನ ಅಕ್ಕನ ಮನೆಗೆ ಹೋಗಿ ಭಾನುವಾರ ಸಂಜೆ ವಾಪಸು ಬರುವುದು ನನ್ನ ರೂಢಿ. ಆದ್ದರಿಂದ ಚಿಲಕದ ಕಥೆ ನನಗೆ ಬುಡದಿಂದ ಗೊತ್ತು. ಬಚ್ಚಲುಮನೆಗೆ ಚಿಲಕ ಬೇಕೆಂದು ಅಕ್ಕ ಹೇಳಿದಳು. ಅಂಗಡಿಯದು ತಗಡು, ತಾನೇ ಮಾಡುತ್ತೇನೆ ಎಂದರು ಭಾವ. ಮಾಡಿದರು, ಮಾಡಿದರು, ಮಾಡುತ್ತಲೇ ಇದ್ದರು. ಅಲ್ಲಿಯವರೆಗೆ ಸ್ನಾನಕ್ಕೆ ಹೋದವರು ಒಳಗಿಂದ ಕೆಮ್ಮುತ್ತಿರಬೇಕಿತ್ತು. ಕೆಮ್ಮಲು ಬಾರದವರು ಹಾಡು ಹೇಳುತ್ತಿದ್ದರು. ಅಕ್ಕನ ಬಚ್ಚಲಿನಲ್ಲಿ ಹಾಡುಗಾರರಾದ ನೆಂಟರು ಎಷ್ಟು ಮಂದಿ! ಕೊನೆಗೂ ಚಿಲಕ ಬಂತು. ಕೂದಲೆಳೆಯಷ್ಟೂ ಸಂದಿಲ್ಲದ, ಕನ್ನಡಿಯಂತೆ ಹೊಳೆಯುವ ಚಿಲಕ. ಬೇಸಿಗೆಯಿಡೀ ಜಾರುತ್ತಿತ್ತು. ಮಳೆಗಾಲ ಬಂತು, ಬಾಗಿಲ ಮರ ಉಬ್ಬಿತು, ನಮ್ಮ ಯಜಮಾನರು ಒಳಗೆ ಸಿಕ್ಕಿಕೊಂಡರು.

ಭಾವ ಓಡಿ ಬಂದರು. ಮುಖದಲ್ಲಿ ಗಾಬರಿ ಇರಲಿಲ್ಲ, ಕುತೂಹಲವಿತ್ತು. ಬಾಗಿಲಿಗೆ ಬಾಯಿ ಹಚ್ಚಿ ಸಮಾಧಾನವಾಗಿ ಕೇಳಿದರು: “ಚಿಲಕದ ತುದಿ ಮೇಲ್ಗಡೆ ಮುಟ್ಟೈತೋ, ಕೆಳ್ಗಡೆ ಮುಟ್ಟೈತೋ, ಸ್ವಲ್ಪ ನೋಡಿ ಹೇಳಿ.”

ಒಳಗಿನಿಂದ ನಮ್ಮವರು, “ಅಣ್ಣ, ಕಣ್ಣಿಗೆ ಸೋಪು ಹೋಗೈತೆ,” ಎಂದರು.

“ಹಂಗಾದ್ರೆ ಕೈಯಲ್ಲಿ ಮುಟ್ಟಿ ಹೇಳಿ.”

ಅಂದಿನಿಂದ ನಮ್ಮವರು ಅಕ್ಕನ ಮನೆಗೆ ಹೊರಡುವ ಮೊದಲು ಆಲೂರಿನಲ್ಲೇ ಸ್ನಾನ ಮುಗಿಸುತ್ತಾರೆ.

ಬೇರೆ ಗಂಡಸರ ಜೇಬಿನಲ್ಲಿ ಪೆನ್ನು ಇರುವ ಜಾಗದಲ್ಲಿ ಭಾವನಿಗೆ ವರ್ನಿಯರ್ ಇರುತ್ತದೆ. ದಪ್ಪ, ತೆಳು ಅಳೆಯುವ ಎರಡು ಕೊಕ್ಕಿನ ಅಳತೆಪಟ್ಟಿ ಅದು. ಅಕ್ಕ ಅಕ್ಕಿರೊಟ್ಟಿ ಹಾಕಿದರೆ, ರೊಟ್ಟಿಯ ಅಂಚನ್ನು ಆ ಕೊಕ್ಕಿನಲ್ಲಿ ಹಿಡಿದು, ಈ ಕಡೆಗಿಂತ ಆ ಕಡೆ ದಪ್ಪ ಎಂದು ತೀರ್ಪು ಕೊಡುತ್ತಾರೆ. “ತಿನ್ನೋದಾದ್ರೆ ತಿನ್ನಿ, ಅಳೆಯೋದಾದ್ರೆ ತಟ್ಟೆ ಇತ್ಲಾಗೆ ಕೊಡಿ” ಎಂಬುದು ಅಕ್ಕನ ನಿತ್ಯದ ಮಂತ್ರ. ಒಮ್ಮೆ ನಮ್ಮ ಕಡೆಯ ಹುಡುಗನಿಗೆ ಹೆಣ್ಣು ನೋಡಲು ಇವರನ್ನೂ ಕರೆದುಕೊಂಡು ಹೋದೆವು. ಹೆಣ್ಣಿನ ಮನೆಯವರು ಬೆಳ್ಳಿ ಲೋಟದಲ್ಲಿ ಕಾಫಿ ಕೊಟ್ಟರು. ಭಾವ ಕುಡಿದು, ವರ್ನಿಯರ್ ತೆಗೆದು, ಲೋಟದ ಅಂಚಿನ ದಪ್ಪ ನೋಡಿ ತಲೆಯಾಡಿಸಿದರು. ಪಾಪ, ಭಾವನಿಗೆ ಬೇಕಾಗಿದ್ದುದು ಬೆಸುಗೆ ಹೇಗೆ ಹಾಕಿದ್ದಾರೆ ಎಂಬ ವಿಷಯ. ಹೆಣ್ಣಿನ ತಂದೆಗೆ ಏನು ಅನ್ನಿಸಿರಬೇಕು, ನೀವೇ ಹೇಳಿ! ಆ ಸಂಬಂಧ ಕೂಡಿಬರಲಿಲ್ಲ.

ಕಬ್ಬಿಣ ಎಲ್ಲಿಂದ ತರುತ್ತಾರೆ ಎಂದಿರಾ? ಶಿರಾಡಿ ಘಾಟಿ ಇರುವಾಗ ಕಬ್ಬಿಣಕ್ಕೆ ಬರವೇ? ಘಾಟಿ ಹತ್ತಿ ಬಂದ ಲಾರಿಗಳು ನಮ್ಮ ಮಾರನಹಳ್ಳಿಯ ಹತ್ತಿರ ಉಸಿರು ಬಿಟ್ಟು ಕೂರುತ್ತವೆ. ಕೂತ ಲಾರಿಯ ಡ್ರೈವರಿಗೆ ಊರವರು ನೀರು ಕೊಡುತ್ತಾರೆ, ಊಟ ಕೊಡುತ್ತಾರೆ. ಭಾವ ಹೋಗಿ ತುಂಡಾದ ಪ್ಲೇಟು ಕೇಳುತ್ತಾರೆ. ಲಾರಿಯ ಪ್ಲೇಟು ಅಂದರೆ ಚಕ್ರದ ಮೇಲೆ ಭಾರ ಹೊರುವ ಸ್ಪ್ರಿಂಗಿನ ಪಟ್ಟಿ, ಒಳ್ಳೆಯ ಉಕ್ಕು. ಅದರಲ್ಲಿ ಉಳಿ ಮಾಡಬಹುದು, ಕತ್ತಿ ಮಾಡಬಹುದು. ಆದರೆ ಉಕ್ಕನ್ನು ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿದರೆ ಅದಕ್ಕೆ ಗಾಜಿನ ಗಟ್ಟಿತನ ಬರುತ್ತದಂತೆ, ಜೊತೆಗೆ ಗಾಜಿನಂತೆ ಒಡೆಯುವ ಬುದ್ಧಿಯೂ. ಆ ಸೊಕ್ಕು ಇಳಿಯಲು ಇನ್ನೊಮ್ಮೆ ಹದವಾಗಿ ಕಾಯಿಸಬೇಕು. ಎಷ್ಟು ಹದ? ತಿಕ್ಕಿದ ಉಕ್ಕು ಒಣಹುಲ್ಲಿನ ಬಣ್ಣಕ್ಕೆ ತಿರುಗುವಷ್ಟು. ಇದನ್ನು ಅಳೆಯಲು ಜನ ಏನೇನೋ ಉಪಕರಣ ಇಟ್ಟುಕೊಂಡಿರುತ್ತಾರೆ. ಭಾವ ಅಕ್ಕನ ಕಾಫಿ ಹುರಿಯುವ ಡಬ್ಬಿಯಲ್ಲಿ ಬೀಜದ ಜೊತೆಗೇ ಉಳಿಯನ್ನು ಹಾಕಿ ತಿರುಗಿಸುತ್ತಾರೆ. ಬೀಜ ಒಂದು ಸಲ ಚಟಚಟ ಅಂದರೆ ಇನ್ನೂ ಬೇಕು. ಸ್ವಲ್ಪ ಹೊತ್ತು ಬಿಟ್ಟು ಎರಡನೇ ಸಲ ಸಣ್ಣಗೆ ಚಟಚಟ ಶುರುವಾಯಿತೋ, ಉಳಿಗೆ ಹದ ಬಂತು! ಉಳಿ ಹೊರಗೆ, ಬೀಜ ಹೊರಗೆ. ಬೀಜ ಬಿಸಾಡುವ ಮನೆಯೇ ಅದು? ಪುಡಿ ಮಾಡಿದ್ದಾಯಿತು. ಮಂಗಳೂರು ಕಡೆಯಿಂದ ಬಂದಿದ್ದ ಅತಿಥಿಯೊಬ್ಬರು ಕಾಫಿ ಕುಡಿದು, ಏನೋ ಗಡಸು ಇದೆ, ಚಿಕೋರಿ ಎಷ್ಟು ಬೆರೆಸುತ್ತೀರಿ ಎಂದು ವಿಚಾರಿಸಿದರು.

“ಚಿಕೋರಿ ಇಲ್ಲ,” ಎಂದರು ಭಾವ ಹೆಮ್ಮೆಯಿಂದ, “ಲಾರಿ ಪ್ಲೇಟು.”

ಇಷ್ಟೆಲ್ಲ ನಕ್ಕುಕೊಂಡು ಹೇಳುತ್ತಿದ್ದೇನೆ. ನಗು ನಿಂತ ಒಂದು ಕಾಲವೂ ಆ ಮನೆಯಲ್ಲಿ ಬಂತು. ಹೋದ ಕೊಯ್ಲಿನಲ್ಲಿ, ಹಣ್ಣು ಹರಡಿದ್ದ ಕಣದಲ್ಲಿ ಕಾಲು ಜಾರಿ ಅಕ್ಕ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು. ಪಟ್ಟಿ ಬಿಚ್ಚಿದ ಮೇಲೆ ನೋಡಿದರೆ ಕೈ ಸೊರಗಿ, ಮಣಿಕಟ್ಟು ತುಕ್ಕು ಹಿಡಿದ ಕೀಲಿನಂತೆ ಅರ್ಧಕ್ಕೇ ನಿಲ್ಲುತ್ತಿತ್ತು. ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಹುಡುಗಿ ಒಂದು ರಬ್ಬರ್ ಚೆಂಡು ಕೊಟ್ಟು, ದಿನವೂ ಹಿಸುಕಬೇಕು, ಕೈ ತಿರುಗಿಸಬೇಕು, ಬಿಟ್ಟರೆ ಕೈ ಹೀಗೇ ಉಳಿದುಬಿಡುತ್ತದೆ ಎಂದು ಎಚ್ಚರಿಸಿ ಕಳಿಸಿದಳು. ಅಕ್ಕ ಮನೆಗೆ ಬಂದು ಚೆಂಡನ್ನು ನಾಯಿಗೆ ಕೊಟ್ಟಳು. ತಾನೇನು ತೊಟ್ಟಿಲ ಮಗುವಾ, ಚೆಂಡು ಹಿಡಿದು ಕೂರಲು?

ಅಕ್ಕನಿಗೆ ಕೈನೋವಿಗಿಂತ ದೊಡ್ಡ ನೋವು ಶಾವಿಗೆಯದು. ನಮ್ಮ ಕಡೆ ಮನೆಗೆ ಯಾರಾದರೂ ಬಂದರೆ ಒತ್ತುಶಾವಿಗೆ ಆಗಲೇಬೇಕು, ಜೊತೆಗೆ ಕಾಯಿಹಾಲು, ಕೋಳಿಸಾರು. ಬೆಂದ ಅಕ್ಕಿಹಿಟ್ಟಿನ ಉಂಡೆಯನ್ನು ಬಿಸಿಬಿಸಿಯಾಗಿ ಮೂರು ಕಾಲಿನ ಒರಳಿಗೆ ತುಂಬಿ, ಮೇಲಿನ ಹಿಡಿ ತಿರುಗಿಸಿ ಒತ್ತಬೇಕು. ತಡ ಮಾಡಿದರೆ ಹಿಟ್ಟು ಆರಿ ಕಲ್ಲಾಗುತ್ತದೆ. ಆಮೇಲೆ ಪೈಲ್ವಾನನೂ ಒತ್ತಲಾರ. ಅಕ್ಕನ ಶಾವಿಗೆ ನೂಲಿನ ಹಾಗೆ ಇಳಿಯುತ್ತಿತ್ತು. ಒತ್ತುವ ಹಿಡಿಯನ್ನು ಅವಳು ಬೇರೆ ಯಾರಿಗೂ ಕೊಟ್ಟವಳಲ್ಲ. ನಾನು ಒತ್ತುತ್ತೇನೆಂದು ಮುಂದೆ ಬಂದೆ. ಅವಳು ನನ್ನನ್ನು ನೋಡಿದ ನೋಟಕ್ಕೆ ನಾನೇ ಹಿಂದೆ ಸರಿದೆ.

“ಶಾವಿಗೆ ಒತ್ತಕ್ಕಾಗದ ಕೈ ಇಟ್ಕಂಡು ಯಾರನ್ನ ಬನ್ನಿ ಅನ್ಲೇ?” ಎಂದಳು.

ನೆಂಟರು ಬರುತ್ತೇವೆಂದರೆ ತೋಟದಲ್ಲಿ ಕೆಲಸ ಎಂದು ಫೋನಿನಲ್ಲೇ ತಪ್ಪಿಸತೊಡಗಿದಳು. ಜನ ತುಂಬಿರುತ್ತಿದ್ದ ಹಜಾರದಲ್ಲಿ ಶನಿವಾರ ನಾನೊಬ್ಬಳೇ ಕೂತಿರುತ್ತಿದ್ದೆ. ಅಕ್ಕ ಬಲಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಓಡಾಡುತ್ತಿದ್ದಳು. ಭಾವ ಶೆಡ್ಡು ಸೇರಿದರು.

ಕೆಲವು ವಾರ ಕಳೆದು ಒಂದು ಶನಿವಾರ ನಾನು ಹೋದಾಗ ಅಡುಗೆಮನೆಯಲ್ಲಿ ಕಂಡ ದೃಶ್ಯ ಏನು ಗೊತ್ತೇ? ಶಾವಿಗೆ ಒರಳಿನ ಮೂರು ಕಾಲನ್ನೂ ದಪ್ಪ ಹಲಗೆಗೆ ಬೋಲ್ಟು ಹಾಕಿ ಬಿಗಿದಿದ್ದಾರೆ. ಮೇಲಿದ್ದ ಹಿಡಿ ಮಾಯ. ಅದರ ಜಾಗದಲ್ಲಿ, ನೀವು ನಂಬಬೇಕು, ಒಂದು ಲಾರಿ ಸ್ಟೇರಿಂಗು! ಆನೇಮಹಲಿನ ಗುಜರಿಯಿಂದ ತಂದು, ಅದರ ನಡುವಿನ ತೂತಿಗೆ ಹೊಂದುವ ಒಂದು ಬುಷ್ ಲೇತಿನಲ್ಲಿ ಕಡೆದು ಕೂರಿಸಿದ್ದರು. ಅಕ್ಕ ಅದರ ಮುಂದೆ ನಿಂತರೆ ಥೇಟ್ ಘಾಟಿ ಇಳಿಸುವ ಡ್ರೈವರು. ಹಾರ್ನ್ ಒಂದೇ ಕಡಿಮೆ. ಬೈದುಕೊಂಡೇ ಎಡಗೈಯಲ್ಲಿ ತಿರುಗಿಸಿದಳು. ಬೆಣ್ಣೆಯಲ್ಲಿ ತಿರುಗಿದಂತೆ ತಿರುಗಿತು! ಅಷ್ಟು ದೊಡ್ಡ ಚಕ್ರವನ್ನು ಒಂದೇ ಕೈಯಲ್ಲಿ ಸುತ್ತಿಸುತ್ತ ಕೂತರೆ ಹಿಟ್ಟು ಆರುವುದಿಲ್ಲವೇ? ಆರುತ್ತದೆಂಬ ಭಯಕ್ಕೆ ಬಲಗೈ ಸೆರಗಿನಿಂದ ತಾನಾಗಿ ಹೊರಗೆ ಬಂದು ಚಕ್ರ ಹಿಡಿಯಿತು. ಶಾವಿಗೆ ಇಳಿಯಿತು. ಅಕ್ಕನ ಮುಖ ನೋಡಬೇಕಿತ್ತು. ಆ ಭಾನುವಾರ ನಾವು ಶಾವಿಗೆಯನ್ನು ತಿನ್ನಲಿಲ್ಲ, ಮುಗಿಸಿದೆವು.

ಇಲ್ಲಿಗೆ ಸುಮ್ಮನಿದ್ದಿದ್ದರೆ ಭಾವನನ್ನು ಮೆರವಣಿಗೆ ಮಾಡುತ್ತಿದ್ದೆವು. ಆದರೆ ಮಾಡಿದ್ದನ್ನು ಮಾಡಿದ ಹಾಗೆ ಬಿಟ್ಟರೆ ಅವರು ಭಾವನೇ? ಮುಂದಿನ ಸಲ ಹೋದಾಗ ಲಾರಿಯ ಚಕ್ರ ಹೋಗಿ ಜೀಪಿನ ಚಕ್ರ ಬಂದಿತ್ತು. ಲಾರಿಯದು ಅಡುಗೆಮನೆಯಲ್ಲಿ ಜಾಗ ತಿನ್ನುತ್ತದಂತೆ. ಅಕ್ಕ ತಿರುಗಿಸಿ, ಮೊದಲಿನಷ್ಟು ಹಗುರ ಇಲ್ಲ ಎಂದಳು. ಇನ್ನೊಂದಷ್ಟು ವಾರ ಕಳೆಯಿತು, ಜೀಪಿನದೂ ಹೋಯಿತು. ಈಗ ತೋಟದ ನೀರಿನ ಪೈಪಿಗೆ ಹಾಕುವ ವಾಲ್ವಿನ ಪುಟ್ಟ ಚಕ್ರ. ಜೀಪಿನದು ನಡು ತಪ್ಪಿ ಸೆಂಟರ್ ಔಟ್ ಆಗಿತ್ತಂತೆ! ಅಕ್ಕ ಹಲ್ಲುಕಚ್ಚಿ, ಎರಡೂ ಕೈಯಲ್ಲಿ ತಿರುಗಿಸಿ, ಬೆವರು ಒರೆಸಿಕೊಂಡಳು. “ನೆಟ್ಟಗಿದ್ದುದನ್ನ ಕೆಡಿಸದೆ ಇವರಿಗೆ ನಿದ್ದೆ ಬರಲ್ಲ ಕಣೇ,” ಎಂದು ನನ್ನ ಮುಂದೆ ದೂರಿದಳು. ದೂರುತ್ತಲೇ ಉಂಡೆ ತುಂಬಿದಳು.

ನನಗೆ ತಡೆಯಲಾಗಲಿಲ್ಲ. ಸೀದಾ ಶೆಡ್ಡಿಗೆ ಹೋದೆ. ಭಾವ ವೈಸಿನಲ್ಲಿ ಒಂದು ಸರಳು ಕಚ್ಚಿಸಿ ಅರ ಹಾಕುತ್ತಿದ್ದರು. ಅರಕ್ಕೊಂದು ಶಿಸ್ತಿದೆ. ಮುಂದಕ್ಕೆ ತಳ್ಳುವಾಗ ಮಾತ್ರ ಅದು ಕಬ್ಬಿಣ ತಿನ್ನುತ್ತದೆ. ಹಿಂದಕ್ಕೆ ತರುವಾಗ ಒತ್ತಿದರೆ ಹಲ್ಲು ಸವೆಯುತ್ತದೆ, ಆದ್ದರಿಂದ ಹಗುರವಾಗಿ ಎತ್ತಿ ತರಬೇಕು. ಭಾವ ಬಾಯಿ ತೆರೆಯುವುದು ಆ ಎತ್ತಿ ತರುವ ಹೊತ್ತಿನಲ್ಲಿ ಮಾತ್ರ. ಲಾರಿ ಚಕ್ರ ಚೆನ್ನಾಗಿತ್ತಲ್ಲ, ಕೈನೋವಿರುವ ಹೆಂಗಸಿಗೆ ಯಾಕೆ ಈ ಹಿಂಸೆ ಎಂದು ನಾನು ಒಂದೇ ಉಸಿರಿಗೆ ಕೇಳಿದೆ. ಅರ ಮುಂದಕ್ಕೆ ಹೋಯಿತು.

“ಆಸ್ಪತ್ರೆ ಹುಡ್ಗಿ ನನ್ನ ಒಬ್ಬನ್ನೇ ಕರೆದು ಹೇಳ್ತು,” ಎಂದರು ಅರ ಎತ್ತಿ. ಮತ್ತೆ ತಳ್ಳಿದರು. “ಕೈಗೆ ಸ್ವಲ್ಪ ಸ್ವಲ್ಪನೇ ಭಾರ ಜಾಸ್ತಿ ಮಾಡ್ತಾ ಹೋಗ್ಬೇಕು ಅಂತ.” ಮತ್ತೆ ತಳ್ಳು. “ಚೆಂಡು ಹಿಸುಕು ಅಂದ್ರೆ ನಿಮ್ಮಕ್ಕ ಹಿಸುಕ್ತಾಳಾ?” ಇನ್ನೊಂದು ತಳ್ಳು. “ಶಾವಿಗೆ ಒತ್ಬೇಡ ಅಂದ್ರೆ ಬುಡ್ತಾಳಾ?”

ನಾನು ಅಲ್ಲೇ ಡಬ್ಬದ ಮೇಲೆ ಕೂತೆ. ಚಕ್ರ ದೊಡ್ಡದಿದ್ದಷ್ಟೂ ಕೈಗೆ ಹಗುರ, ಚಿಕ್ಕದಾದಷ್ಟೂ ಭಾರ. ಅಷ್ಟು ಸಣ್ಣ ವಿಷಯ ನನ್ನ ತಲೆಗೆ ಹೊಳೆದಿರಲಿಲ್ಲ! ಸೆಂಟರ್ ಔಟಂತೆ, ಜಾಗ ತಿನ್ನುತ್ತದಂತೆ!

“ಚೆನ್ನಾಗಿ ಮಾಡಾದು ಸುಲಭ ಕಣಮ್ಮ. ಎಷ್ಟು ಬೇಕೋ ಅಷ್ಟೇ ಕೆಡಿಸಾದೈತಲ್ಲ, ಅದು ಕಷ್ಟ,” ಎಂದು ಭಾವ ಸರಳಿನ ತುದಿಯನ್ನು ಬೆರಳಲ್ಲಿ ಸವರಿ ನೋಡಿದರು. “ನೀನು ಹೋಗಿ ಹೇಳ್ಬುಟ್ಟೀಯ ಮತ್ತೆ.”

ನಾನು ಹೇಳಲಿಲ್ಲ.

ಆಮೇಲೊಂದು ಭಾನುವಾರ ಅಕ್ಕ ತಾನಾಗಿ ಫೋನು ಮಾಡಿ ನಮ್ಮನ್ನೂ ನಾಲ್ಕಾರು ನೆಂಟರನ್ನೂ ಕರೆದಳು. ಹೋದರೆ ಒರಳಿನ ಮೇಲೆ ಚಕ್ರವೇ ಇಲ್ಲ. ಭಾವ ಅರ ಹಾಕುತ್ತಿದ್ದ ಆ ಸರಳು, ವಾಲ್ವಿನ ಚಕ್ರಕ್ಕಿಂತಲೂ ಚಿಕ್ಕದಾದ ಗೇಣುದ್ದದ ಹಿಡಿಯಾಗಿ ಕೂತಿತ್ತು. ಎಲ್ಲರ ಮನೆಯ ಒರಳಿಗೂ ಇರುವಂಥ ಹಿಡಿ. ಅಕ್ಕ ಅದನ್ನು ನೋಡಿದಳು. ಬಿಸಿ ಉಂಡೆ ತುಂಬಿ ತಿರುಗಿಸತೊಡಗಿದಳು. ಅರ್ಧ ಸುತ್ತಿಗೆ ಕೈ ನಿಂತಿತು. ಬಾಗಿಲಲ್ಲಿದ್ದ ಭಾವ ಒಂದು ಹೆಜ್ಜೆ ಮುಂದೆ ಇಟ್ಟವರು ಹಾಗೇ ನಿಂತರು. ಅಕ್ಕ ಕಣ್ಣು ಮುಚ್ಚಿ, ತುಟಿ ಕಚ್ಚಿ ಇನ್ನೊಮ್ಮೆ ಒತ್ತಿದಳು. ಒರಳಿನ ತಳದಲ್ಲಿ ಬೆಳ್ಳಗೆ ಒಂದೊಂದೇ ಎಳೆ ಕಾಣಿಸಿತು. ಆಮೇಲೆ ಶಾವಿಗೆ ನಿಲ್ಲದೆ ಇಳಿದು ತಟ್ಟೆ ತುಂಬಿತು.

ಅಕ್ಕ ಸೆರಗಿನಿಂದ ಹಣೆ ಒರೆಸಿಕೊಂಡು ಭಾವನ ಕಡೆ ತಿರುಗಿದಳು.

“ಮುಂದಿನ್ವಾರ ಇನ್ನೇನು ತಂದು ಹಾಕ್ತೀರ?”

“ಇನ್ನೇನಿಲ್ಲ. ಇದೇ ಕೊನೆ.”

ಭಾವ ಹತ್ತಿರ ಬಂದರು. ಎಣ್ಣೆ ಕೈಯನ್ನು ಲುಂಗಿಗೆ ಒರೆಸಿಕೊಂಡು, ಇಷ್ಟು ಜನರ ಎದುರಿಗೆ, ಅಕ್ಕನ ಬಲಗೈ ಹಿಡಿದರು. ಬೇರಿಂಗ್ ಸವೆದಿದೆಯೇ ಎಂದು ಪರೀಕ್ಷೆ ಮಾಡುವವರ ಹಾಗೆ ಮಣಿಕಟ್ಟನ್ನು ಮೆಲ್ಲಗೆ ಈ ಕಡೆ ತಿರುಗಿಸಿದರು, ಆ ಕಡೆ ತಿರುಗಿಸಿದರು, ಮೇಲಕ್ಕೆತ್ತಿ ಇಳಿಸಿದರು.

“ನೋವೈತಾ?”

“ಸ್ವಲ್ಪ.”

“ಎಲ್ಲಿ?”

ಅಕ್ಕ ಎಡಗೈ ಬೆರಳಿನಿಂದ ತೋರಿಸಿದಳು. ಭಾವ ಅಲ್ಲಿ ಹೆಬ್ಬೆರಳು ಇಟ್ಟು ತಿಕ್ಕತೊಡಗಿದರು. ಅಕ್ಕ ಕೈ ಬಿಡಿಸಿಕೊಳ್ಳಲಿಲ್ಲ.

ನಾನು ಉಳಿದ ಉಂಡೆಗಳ ಪಾತ್ರೆಗೆ ತಟ್ಟೆ ಮುಚ್ಚಿ, ನೆಂಟರನ್ನೆಲ್ಲ ಹಜಾರಕ್ಕೆ ಕರೆದುಕೊಂಡು ಹೋದೆ.