ತ್ರ್ಯಂಬಕನ ಕಣ್ಣು ಪಳಗಿದ ದಿನ

ಕನ್ನಡಕ ಹಾಕಿದಷ್ಟೂ ಕಣ್ಣು ಸೋಮಾರಿಯಾಗುತ್ತದೆ, ಇದನ್ನು ಇವತ್ತು ಸಂಜೆಯೊಳಗೆ ಸಾಬೀತು ಮಾಡಿ ತೋರಿಸುತ್ತೇನೆ ಎಂದು ತ್ರ್ಯಂಬಕ ಬೆಳಗಿನ ದೋಸೆಯ ಮುಂದೆ ಘೋಷಿಸಿದ. ಈ ವಿಷಯದಲ್ಲಿ ಅವನಿಗೆ ಅಧಿಕಾರ ಎಲ್ಲಿಂದ ಬಂತು? ಹಿಂದಿನ ದಿನ ಹೆಂಡತಿಯ ಕನ್ನಡಕದ ಮೇಲೆ ಕೂತು ಅದನ್ನು ಪುಡಿ ಮಾಡಿದವನು ಅವನೇ! ತಪ್ಪು ಮಾಡಿದ ಗಂಡಸಿಗೆ ಕ್ಷಮೆ ಕೇಳುವ ಬುದ್ಧಿ ಬರುವ ಮೊದಲೇ ಸಿದ್ಧಾಂತವೊಂದು ಹುಟ್ಟಿಬಿಡುತ್ತದೆ.

ಸುಮತಿಗೆ ಹತ್ತಿರದ್ದೆಲ್ಲ ನಿಚ್ಚಳ, ದೂರದ್ದೆಲ್ಲ ಮಸುಕು. ಹೊಸ ಕನ್ನಡಕ ಕುಮಟೆಯ ಅಂಗಡಿಯಿಂದ ಬರುವುದು ಸೋಮವಾರ. ಆಕೆ ಅತ್ತಿರಲಿಲ್ಲ, ಬೈದಿರಲೂ ಇಲ್ಲ. ಕೇಳಿಕೊಂಡದ್ದು ಒಂದೇ: ಸೋಮವಾರದವರೆಗೆ ಸಂಜೆ ಹೊತ್ತು ಮುತ್ತಿಯನ್ನು ಗಜನಿಯಿಂದ ಹೊಡೆದುಕೊಂಡು ಬನ್ನಿ ಅಂತ. ಮುತ್ತಿ ಎಂದರೆ ಆಕೆ ಕರುವಿನಿಂದ ಸಾಕಿದ ಎಮ್ಮೆ, ಚೊಚ್ಚಲ ಗಬ್ಬ, ದಿನ ತುಂಬಿದೆ. ಗಜನಿ ಎಂದರೆ ಅಘನಾಶಿನಿಯ ದಂಡೆಯ ಉಪ್ಪುನೀರಿನ ಭತ್ತದ ಗದ್ದೆ. ಕೊಯ್ಲಾದ ಮೇಲೆ ದನ ಎಮ್ಮೆ ಮೇಯುವುದು ಅಲ್ಲೇ. ಆದರೆ ಹುಣ್ಣಿಮೆಯ ಆಸುಪಾಸಿನಲ್ಲಿ ಸಂಜೆಯ ಭರತಿ, ಅಂದರೆ ಕಡಲಿನ ಉಬ್ಬರ, ಏರಿತೆಂದರೆ, ಮೇವಿದ್ದ ಗದ್ದೆ ನೋಡುನೋಡುತ್ತ ಹೊಳೆಯಾಗುತ್ತದೆ.

“ಒಂದಿನ ಮಸುಕು ಕಂಡ್ರೆ ಎಂತ ಆಗ್ತದೆ?” ಎಂದ ತ್ರ್ಯಂಬಕ. “ನಾನು ಅವ್ವನ ಕನ್ನಡಕ ಹಾಕ್ಕಂಡು ಇಡೀ ದಿನ ಇರ್ತೆ. ಮುತ್ತಿನೂ ತಂದು ಕಟ್ತೆ.”

“ನಿಮ್ಮ ಆಟ ಮುತ್ತಿ ಮೇಲೆ ಬೇಡ,” ಎಂದಳು ಸುಮತಿ. “ಇವತ್ತು ಭರತಿ ಜೋರು ಅದೆ.”

ಅವ್ವನದು ಅಕ್ಕಿ ಆರಿಸುವ ಕನ್ನಡಕ. ಹತ್ತಿರದ ಕಲ್ಲನ್ನು ಗುಂಡುಕಲ್ಲು ಮಾಡಿ, ದೂರದ್ದನ್ನೆಲ್ಲ ಮಜ್ಜಿಗೆ ಮಾಡುವ ದಪ್ಪ ಗಾಜು. ಅದನ್ನೇರಿಸಿ ಹೊರಬಿದ್ದ ತ್ರ್ಯಂಬಕ ಮೊದಲು ತನ್ನದೇ ಹಿತ್ತಲಿನ ಬೆರ್ಚಪ್ಪನಿಗೆ, ಊರಿನ ಮಾಸ್ತರರೆಂದು ತಿಳಿದು, ಕೈಮುಗಿದು ಕುಶಲ ವಿಚಾರಿಸಿದ. ಉತ್ತರ ಬರಲಿಲ್ಲ. ಮಾಸ್ತರರಿಗೆ ನಿವೃತ್ತಿಯಾದ ಮೇಲೆ ಗರ್ವ ಬಂದಿದೆ ಎಂದು ಗೊಣಗಿಕೊಂಡು ಮುಂದೆ ಹೋದ. ಹೆದ್ದಾರಿಯಲ್ಲಿ ಹೊನ್ನಾವರದ ಬಸ್ಸಿಗೆಂದು ಕೈ ಅಡ್ಡ ಹಾಕಿದರೆ ಮೀನಿನ ಲಾರಿ ನಿಂತಿತು. ಡ್ರೈವರು ಆಡಿದ ಮಾತು ಇಲ್ಲಿ ಬರೆಯುವಂಥದ್ದಲ್ಲ.

ಆದರೆ ಮಧ್ಯಾಹ್ನದ ಹೊತ್ತಿಗೆ ಪವಾಡವೇ ನಡೆಯಿತು! ಬೆಳಿಗ್ಗೆ ಹೊಗೆಯಂತೆ ಕಂಡ ಕರೆಂಟು ಕಂಬ ಈಗ ಕಂಬವಾಗಿತ್ತು. ಹೊಗೆಯೊಳಗಿಂದ ತೆಂಗಿನ ಮರಗಳು ಒಂದೊಂದಾಗಿ ಬಿಡಿಸಿಕೊಂಡು ನಿಂತವು. ಅಂಗಡಿ ಬೋರ್ಡಿನ ದೊಡ್ಡ ಅಕ್ಷರಗಳು ಹೆಚ್ಚುಕಮ್ಮಿ ದಕ್ಕಿದವು. ಗಾಜು ಅದೇ, ಕಣ್ಣೂ ಅದೇ. ತನ್ನ ಕಣ್ಣು ಕನ್ನಡಕವನ್ನು ಸೋಲಿಸಿತು ಎಂದು ತ್ರ್ಯಂಬಕ ಮನೆಗೆ ಬಂದು ವಿಜಯೋತ್ಸವ ಆಚರಿಸಿದ.

“ಕಣ್ಣು ಎಂತದೂ ಮಾಡ್ಲಿಲ್ಲ,” ಎಂದಳು ಸುಮತಿ ಕಾಯಿ ತುರಿಯುತ್ತ. “ತಲೆ ಹೊಂದ್ಕಂಡದೆ. ಕಣ್ಣಿನ ಡಾಕ್ಟ್ರು ಹೇಳಿದ್ರು, ಮಸುಕಿನಲ್ಲೇ ಸ್ವಲ್ಪ ಹೊತ್ತು ಇದ್ರೆ ಯಾರಿಗಾದ್ರೂ ಹಿಂಗೆ ಆಗ್ತದಂತೆ. ನಿಮ್ಮದು ಇವತ್ತು ಬೆಳಿಗ್ಗೆ ಶುರು ಆತು. ನಂದು ಒಂದನೇತ್ತಿಂದ.”

ಈ ಮಾತು ಅವನ ಕಿವಿಗೆ ಹೋಗಲಿಲ್ಲ. ನಾವಾದರೂ ಕೇಳಬೇಕು. ಎಂಟನೇ ತರಗತಿಯಲ್ಲಿ ಕನ್ನಡಕ ಸಿಗುವವರೆಗೂ ಕರೆಂಟು ತಂತಿ ಎಂಬುದು ಒಂದಿದೆ ಎಂದು ಸುಮತಿಗೆ ಗೊತ್ತಿರಲಿಲ್ಲ. ಕಾಗೆಗಳು ಗಾಳಿಯಲ್ಲೇ ಸಾಲಾಗಿ ಕೂರುತ್ತವೆ ಎಂದು ನಂಬಿದ್ದಳು! ಆದರೂ ಶಾಲೆಗೆ ಹೋದಳು, ಬಂದಳು, ಪಾಸಾದಳು. ನಡಿಗೆ ನೋಡಿ ಗೆಳತಿಯರನ್ನು ಗುರುತಿಸಿದಳು, ಬಣ್ಣದ ಗುಡ್ಡೆ ನೋಡಿ ಬಸ್ಸು ಹಿಡಿದಳು. ಅಷ್ಟನ್ನೂ ಒಳಗೊಳಗೇ ಮಾಡಿದ ಆ ತಲೆಗೆ ಯಾರೂ ಶಾಭಾಸ್ ಅನ್ನಲಿಲ್ಲ. ಸಿಕ್ಕಿದ ಬಿರುದು ‘ಸೋಡಾ ಗ್ಲಾಸು’. ಹುಟ್ಟಿನಿಂದ ಪುಕ್ಕಟೆ ಬಂದ ಕಣ್ಣನ್ನು ತಾವೇ ದುಡಿದು ಕೊಂಡವರಂತೆ ಬೀಗುವವರಿಗೆ ಮಾತ್ರ ನಮ್ಮಲ್ಲಿ ಎಲ್ಲೆಡೆ ಮರ್ಯಾದೆ!

ಅಂಥ ಮರ್ಯಾದಸ್ಥ ತ್ರ್ಯಂಬಕ ಸಂಜೆ ತೌಡಿನ ಬಕೆಟ್ ಹಿಡಿದು, ಹಗ್ಗ ಹೆಗಲಿಗೆ ಹಾಕಿ ಗಜನಿಗೆ ಇಳಿದ. ಕಟ್ಟೆಯ ಬುಡದಲ್ಲೇ ಕಪ್ಪನೆಯ ದೊಡ್ಡ ಮೋಡವೊಂದು ಮೇಯುತ್ತಿತ್ತು. “ಮುತ್ತೀ” ಎಂದು ಕರೆದು ಬಕೆಟ್ ಅಲ್ಲಾಡಿಸಿದ. ಮೋಡ ತಾನಾಗಿ ಬಂತು. ಹಗ್ಗ ಹಾಕುವಾಗ ಮೂಗಿನೆದುರು ಕೊಂಬಿನ ಗೆರೆ ಗೆರೆಯೂ ನಿಚ್ಚಳವಾಗಿ ಕಂಡಿತು. ಆ ಕೊಂಬಿನ ಹಿಂದೆ ಇದ್ದ ಪ್ರಾಣಿ ಮಾತ್ರ ಮಜ್ಜಿಗೆಯಲ್ಲಿ ಉಳಿಯಿತು. ತಿರುಗಿ ನೋಡುವ ಜಾಯಮಾನವೂ ಅವನದಲ್ಲ.

ಕೊಟ್ಟಿಗೆಯಲ್ಲಿ ಕಟ್ಟಿದ. ಬಸುರಿಗೆಂದು ಸುಮತಿ ಬೇಯಿಸಿಟ್ಟ ಹುರುಳಿ, ಬೆಲ್ಲದ ಗಂಜಿಯನ್ನು ಪೂರಾ ಹುಯ್ದ. ಬೆನ್ನು ಸವರಿದ. ಹೊಟ್ಟೆ ಇಳಿದಿದೆ, ಇವತ್ತೋ ನಾಳೆಯೋ ಎಂದು ಭವಿಷ್ಯ ಹೇಳಿದ. ಕನ್ನಡಕ ಕೊಟ್ಟು ಬರಿಗಣ್ಣಾಗಿದ್ದ ಅವ್ವ ಅಂಗಳದಾಚೆಯ ಜಗುಲಿಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದಳು. ಆಕೆಗೆ ದೂರದ್ದು ಚೆನ್ನಾಗಿ ಕಾಣುತ್ತದೆ.

“ತಮಾ,” ಎಂದಳು ಮೆಲ್ಲಗೆ, “ಅದು ಕೋಣ ಅಲ್ದಾ?”

“ಕನ್ನಡಕ ಇಲ್ದೆ ನಿಂಗೆ ಎಂತ ಕಾಣ್ತದೆ ಅವ್ವಾ? ಸುಮ್ಮನೆ ಕೂತ್ಕ.”

ಅಷ್ಟರಲ್ಲಿ ಪಕ್ಕದ ಮನೆಯ ಕಮಲಾಕರ ತನ್ನ ಕೋಣವನ್ನು ಹುಡುಕಿಕೊಂಡು ಅಂಗಳಕ್ಕೆ ಬಂದ. ಗಂಜಿಯ ಬಾನಿ ನೆಕ್ಕುತ್ತಿದ್ದ ತನ್ನ ಪ್ರಾಣಿಯನ್ನೂ ಅದರ ಹೊಟ್ಟೆ ಸವರುತ್ತಿದ್ದ ನೆರೆಯವನನ್ನೂ ಒಂದು ಗಳಿಗೆ ನೋಡಿದ. ಆಮೇಲೆ ಬಹಳ ಸಂಕೋಚದಿಂದ ಕೇಳಿದ: “ತ್ರ್ಯಂಬಕಣ್ಣಾ, ಎಷ್ಟು ತಿಂಗಳಂತೆ?”

ನಗುವುದಕ್ಕೆ ಯಾರಿಗೂ ಪುರುಸೊತ್ತಿರಲಿಲ್ಲ. ಸುಮತಿ ಆಗಲೇ ಗಜನಿಯತ್ತ ಓಡುತ್ತಿದ್ದಳು. ತ್ರ್ಯಂಬಕ ಕನ್ನಡಕ ಕಿತ್ತು ಅವ್ವನ ಮಡಿಲಿಗೆ ಹಾಕಿ ಹಿಂದೆಯೇ ಓಡಿದ.

ಕಟ್ಟೆಯ ಮೇಲೆ ನಿಂತು ನೋಡಿದರೆ ಗದ್ದೆ ಇರಲಿಲ್ಲ, ನೀರಿತ್ತು. ಬೆಳಕು ಹೋಗುತ್ತಿತ್ತು. ಇಡೀ ದಿನ ಮಸುಕಿಗೆ ಹೊಂದಿಕೊಂಡಿದ್ದ ತ್ರ್ಯಂಬಕನ ತಲೆಗೆ ಈಗ ಎಲ್ಲವೂ ಅತಿಯಾಗಿ ಹರಿತ. ಒಂದೊಂದು ಅಲೆ, ಒಂದೊಂದು ಕೂಳೆ, ಒಂದೊಂದು ಏಡಿಬಿಲ ಕೂಗಿ ಕರೆದಂತೆ ಎದ್ದು ಕಂಡಿತು. ಈ ಸಂತೆಯಲ್ಲಿ ಎಮ್ಮೆಯನ್ನು ಎಲ್ಲಿ ಹುಡುಕುವುದು? ಅವನು ಕಾಂಡ್ಲಾಗಿಡದ ಪೊದೆಗಳನ್ನು ಮುತ್ತಿಯೆಂದು ಕರೆಯತೊಡಗಿದ.

ಸುಮತಿ ಕಣ್ಣು ಕಿರಿದು ಮಾಡಿ ನಿಂತಿದ್ದಳು. ಅವಳ ಮುಂದಿದ್ದುದು ಕೆಲವು ಕಪ್ಪು ಗುಡ್ಡೆಗಳು, ಅಷ್ಟೇ. ಅವುಗಳಲ್ಲಿ ಒಂದರ ಮೇಲೆ ಕೈ ತೋರಿದಳು.

“ಅಲ್ಲಿ. ತೂಬಿನ ದಿಬ್ಬದ ಮೇಲೆ.”

“ಅದು ಪೊದೆ ಮಾರಾಯ್ತಿ.”

“ಪೊದೆ ಎಲ್ಲ ಗಾಳಿಗೆ ಒಂದೇ ಬದಿ ವಾಲ್ತದೆ. ಅದು ತಲೆ ತಗ್ಗಿಸ್ತದೆ, ಎತ್ತುತ್ತದೆ. ಎಂತದೋ ನೆಕ್ತಾ ಅದೆ.” ಅಷ್ಟು ಹೇಳಿ ನೀರಿಗಿಳಿದಳು.

ನೆಕ್ಕುತ್ತಿದ್ದುದು ನಿಜ. ಒದ್ದೆ ಕರುವೊಂದು ದಿಬ್ಬದ ಮೇಲೆ ನಡುಗುತ್ತ ಬಿದ್ದಿತ್ತು, ಭರತಿ ಅದರ ಗೊರಸಿಗೆ ಆಗಲೇ ತಾಗಿತ್ತು. ಸುಮತಿ ಮುಂದೆ ನಡೆದು ಕಾಲಿನಲ್ಲೇ ದಾರಿ ತಡವಿದಳು. ಕರುವನ್ನು ಹೆಗಲ ಮೇಲೆ ಹೊತ್ತ ತ್ರ್ಯಂಬಕ ಸೊಂಟದ ನೀರಿನಲ್ಲಿ ಅವಳ ಹೆಜ್ಜೆಯ ಮೇಲೇ ಹೆಜ್ಜೆಯಿಟ್ಟ. ಮುತ್ತಿ ಗುಟುರು ಹಾಕುತ್ತ ಹಿಂದೆ ಬಂದಳು. ದಾರಿಯುದ್ದಕ್ಕೂ ಅವನ ಬಾಯಿಂದ ಒಂದು ಸಿದ್ಧಾಂತವೂ ಹೊರಡಲಿಲ್ಲ. ಮುಂದೆ ಹೋಗುತ್ತಿದ್ದವಳ ಬೆನ್ನನ್ನೇ ನೋಡುತ್ತ, ಇಷ್ಟು ವರ್ಷ ಇವಳು ಏನನ್ನು ಹೇಗೆ ನೋಡಿದಳೆಂದು ತಾನು ಒಮ್ಮೆಯೂ ಕೇಳಲಿಲ್ಲವಲ್ಲ ಎಂದು ಯೋಚಿಸುತ್ತಿದ್ದ.

ಕೊಟ್ಟಿಗೆಯಲ್ಲಿ ಕಮಲಾಕರನ ಕೋಣ ಇನ್ನೂ ಇತ್ತು. ಗಂಜಿಯ ರುಚಿ ಹತ್ತಿ ಅದು ಏಳಲು ಒಪ್ಪಿರಲಿಲ್ಲ. ಕರುವನ್ನು ಕೆಳಗಿಳಿಸಿದರು. ಅದು ಜೋಲಿ ಹೊಡೆಯುತ್ತ ಎದ್ದಿತು, ಬಿದ್ದಿತು, ಮತ್ತೆ ಎದ್ದಿತು. ಕಣ್ಣು ಪಿಳಿಪಿಳಿ ಮಾಡಿ ಆ ಕಡೆಯ ಕಪ್ಪು ಗುಡ್ಡೆಯನ್ನು ನೋಡಿತು, ಈ ಕಡೆಯ ಕಪ್ಪು ಗುಡ್ಡೆಯನ್ನು ನೋಡಿತು. ಆಮೇಲೆ ನೆಟ್ಟಗೆ ಹೋಗಿ ಮುತ್ತಿಯ ಕೆಚ್ಚಲಿಗೆ ಬಾಯಿ ಹಾಕಿತು.

ಸುಮತಿ ಸೆರಗಿನಿಂದ ಮುಖ ಒರೆಸಿಕೊಂಡಳು.

“ನೋಡಿ,” ಎಂದಳು. “ಹುಟ್ಟಿ ಇನ್ನೂ ಕಣ್ಣು ಸರಿಯಾಗಿ ಬಿಟ್ಟಿಲ್ಲ. ಎಮ್ಮೆ ಯಾವ್ದು, ಕೋಣ ಯಾವ್ದು ಅಂತ ಅದಕ್ಕೂ ಗೊತ್ತಾತು.”