ಟೀ ಹೊತ್ತಿಗೆ ಬರುವ ವೈರಸ್

ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿದ ಗುಬ್ಬಚ್ಚಿ ಕುರ್ಚಿ ಸಮೇತ ಹಿಂದಕ್ಕೆ ಸರಿದ. ಪರದೆಯ ಮೇಲೆ ಒಂದೊಂದು ಅಕ್ಷರವೂ ಕುಂಬಳಕಾಯಿಯಂತೆ ಊದಿಕೊಂಡಿತ್ತು. ಮೌಸಿನ ಬಾಣದ ಗುರುತು ಸೌಟಿನಷ್ಟು ಉದ್ದವಾಗಿತ್ತು.

ಗುಬ್ಬಚ್ಚಿ ಎಂಬುದು ನೀರು ಸರಬರಾಜು ಕಚೇರಿಯ ಬಿಲ್ ಗುಮಾಸ್ತನಿಗೆ ಜೊತೆಯವರು ಇಟ್ಟ ಹೆಸರು. ಯಾರಾದರೂ ಸೀನಿದರೂ ಬೆಚ್ಚಿಬೀಳುವ ಆಸಾಮಿ. ಹೋದ ತಿಂಗಳು, ಬಹುಮಾನ ಬಂದಿದೆ ಎಂಬ ಯಾವುದೋ ಮೇಲ್ ತೆರೆದು ಕಚೇರಿಯ ಅಷ್ಟೂ ಕಂಪ್ಯೂಟರುಗಳನ್ನು ಮಲಗಿಸಿದ್ದ. "ಇನ್ನೊಂದು ಸಲ ವೈರಸ್ ತಂದ್ರೆ ನಿಮ್ಮನ್ನ ಮತ್ತೆ ದೂರಿನ ಫೋನಿಗೇ ಹಾಕ್ತೀನಿ," ಎಂದು ಸಾಹೇಬರು ಎಚ್ಚರಿಸಿದ್ದರು. ನಲ್ಲಿಯಲ್ಲಿ ನೀರು ಬರದವರೆಲ್ಲ ಬೈಯುವ ಫೋನು ಅದು. ವರ್ಷಗಟ್ಟಲೆ ಅಲ್ಲಿ ಬೈಸಿಕೊಂಡ ಮೇಲೆ, ಅವರಿವರ ಕೈಕಾಲು ಹಿಡಿದು ಈ ಸದ್ದಿಲ್ಲದ ಮೂಲೆಗೆ ಬಂದಿದ್ದ. ಈ ಮೂಲೆಗೆ ಅವನು ದಿನವೂ ಮನಸ್ಸಿನಲ್ಲೇ ಕೈ ಮುಗಿಯುತ್ತಿದ್ದ.

ಗುಟ್ಟಾಗಿ ರಿಪೇರಿಯವನಿಗೆ ಫೋನ್ ಮಾಡಿದ.

"ತಾನಾಗೇ ಶುರುವಾಗೋ ಪ್ರೋಗ್ರಾಮ್‌ಗಳ ಪಟ್ಟಿ ತೆಗೀರಿ ಸಾರ್. ಹೊಸದೇನಾದ್ರೂ ಸೇರ್ಕೊಂಡಿದ್ಯಾ?"

"ಯಾವುದೋ ಗೊತ್ತಿಲ್ದೇ ಇರೋ ಹೆಸರಿದೆ ಕಣಪ್ಪಾ!"

"ಕಿತ್ತಾಕಿ. ಸೆಟ್ಟಿಂಗ್ ಮೊದಲಿನ ಥರ ಮಾಡಿ. ಮತ್ತೆ ಬಂತು ಅಂದ್ರೆ ಬೇರು ಬಿಟ್ಟಿದೆ ಅಂತಾನೇ ಲೆಕ್ಕ."

ಕಿತ್ತ. ನೆಮ್ಮದಿಯಿಂದ ಟೀ ಕುಡಿದು ಬಂದ. ಕುಂಬಳಕಾಯಿಗಳು ಮತ್ತೆ ಹಾಜರ್!

ಅಷ್ಟರಲ್ಲಿ ಕ್ಯಾಷಿಯರ್ ಕತ್ತು ಚಾಚಿದ. "ನನ್ನ ಭಾವಮೈದುನನ ಕಂಪ್ಯೂಟರ್‌ಗೂ ಹೀಗೇ ಆಗಿತ್ತು ಕಣ್ರೀ. ಕೀಬೋರ್ಡ್ ಬೋರಲು ಹಾಕಿ ಕೊಡವಿ." ಕೊಡವಿದರೆ ಬಿಸ್ಕತ್ತಿನ ಪುಡಿ ಉದುರಿತೇ ಹೊರತು ವೈರಸ್ ಉದುರಲಿಲ್ಲ. ಕ್ಯಾಷಿಯರ್ ಅಷ್ಟಕ್ಕೇ ಬಿಡದೆ ಒಂದು ಪ್ಲಗ್ ಕಿತ್ತ. ಸಾಹೇಬರ ಕೋಣೆಯ ಫ್ಯಾನು ನಿಂತಿತು, ಸಾಹೇಬರು ಹೊರಗೆ ಬಂದರು, ಪರದೆಯನ್ನೂ ನೋಡಿಬಿಟ್ಟರು.

"ಮತ್ತೆ ತಂದ್ರಾ? ಸಂಜೆಯೊಳಗೆ ಸರಿ ಹೋಗದಿದ್ರೆ ನಾಳೆಯಿಂದ ಫೋನು!"

ಗುಬ್ಬಚ್ಚಿ ಇನ್ನೊಮ್ಮೆ ಎಲ್ಲ ಕಿತ್ತ. ಊಟ ಮುಗಿಸಿ ಬರುವಷ್ಟರಲ್ಲಿ ಎಲ್ಲ ಮೊದಲಿನಂತೆಯೇ ಊದಿಕೊಂಡಿತ್ತು. ಅಳುವುದೊಂದು ಬಾಕಿ.

"ಸೆಟ್ಟಿಂಗ್ ಬದಲಾಗಿದ್ದು ಯಾವಾಗ ಅಂತ ಕಂಪ್ಯೂಟರೇ ಬರೆದಿಟ್ಟಿರುತ್ತೆ, ನೋಡಿ ಸಾರ್," ಎಂದ ಮತ್ತೆ ಫೋನಿಗೆ ಸಿಕ್ಕ ರಿಪೇರಿಯವನು.

"ಒಂದ್ಸಲ ನಾನು ಟೀಗೆ ಹೋದಾಗ, ಇನ್ನೊಂದ್ಸಲ ಊಟಕ್ಕೆ ಹೋದಾಗ!"

"ವೈರಸ್ಸು ನೀವು ಎದ್ದು ಹೋಗೋದನ್ನ ಕಾಯ್ತಾ ಕೂರಲ್ಲ ಸಾರ್. ಇದು ಮನುಷ್ಯರ ಕೈವಾಡ."

ಗುಬ್ಬಚ್ಚಿ ಮತ್ತೊಮ್ಮೆ ಎಲ್ಲ ಸರಿ ಮಾಡಿ, ಟೀಗೆ ಹೋದಂತೆ ನಟಿಸಿ, ಬೀರುವಿನ ಹಿಂದೆ ಅವಿತು ನಿಂತ. ಪಕ್ಕದ ಮೇಜಿನಿಂದ ಟೈಪಿಸ್ಟ್ ಅಕ್ಕ ಎದ್ದರು. ಅವನ ಕುರ್ಚಿಯಲ್ಲಿ ಕುಳಿತು ಟಪಟಪನೆ ಕೆಲಸ ಶುರುಮಾಡಿದರು.

"ಅಕ್ಕಾ, ನೀವಾ?"

"ಅಯ್ಯೋ ತಮ್ಮಾ! ನೀನು ಪರದೆಗೆ ಮೂಗು ತಾಗಿಸ್ಕೊಂಡು ಕೂರೋದು ನೋಡಕ್ಕಾಗ್ಲಿಲ್ಲ ಕಣೋ. ಕನ್ನಡಕ ಹಾಕ್ಕೋ ಅಂದ್ರೆ ಕೇಳಲ್ಲ. ಅಕ್ಷರ ದೊಡ್ಡದು ಮಾಡೋ ಪ್ರೋಗ್ರಾಮ್ ಹಾಕೋದನ್ನ ನನ್ನ ತಂಗಿ ಮಗಳು ಹೇಳ್ಕೊಟ್ಲು. ಈ ಹಾಳು ಕಂಪ್ಯೂಟರ್ ಪದೇ ಪದೇ ಮರೆತುಬಿಡತ್ತೆ ಅಂತ ನಾನೂ ಹಾಕ್ತಾನೇ ಇದೀನಿ."

ಅಮ್ಮ ಹೋದ ಮೇಲೆ ಗುಬ್ಬಚ್ಚಿಯ ಕಣ್ಣಿನ ಚಿಂತೆ ಮಾಡಿದವರು ಯಾರೂ ಇರಲಿಲ್ಲ. "ನಿಮ್ಮ ಉಪಕಾರ ಯಾವತ್ತೂ ಮರೆಯಲ್ಲ ಅಕ್ಕಾ," ಎಂದು ಕಣ್ಣೊರೆಸಿಕೊಂಡ.

ಸರಿಯಾಗಿ ಆಗಲೇ ಸಾಹೇಬರು ಬಂದರು. "ಸಿಕ್ತಾ? ಯಾರ ಕೆಲಸ ಅದು?"

ಅಕ್ಕ 'ನಾನೇ' ಎನ್ನಲು ಹೊರಟರು. ಗುಬ್ಬಚ್ಚಿ ಹುಟ್ಟಿದಾಗಿನಿಂದ ತೋರಿಸದ ಧೈರ್ಯವನ್ನೆಲ್ಲ ಒಟ್ಟುಮಾಡಿ ಎದೆ ಸೆಟೆಸಿದ. "ವೈರಸ್ಸೇ ಸಾರ್. ಭಾರೀ ಕಿಲಾಡಿ. ಬೇರು ಸಮೇತ ಕಿತ್ತೆ."

ಸಾಹೇಬರು ಎರಡೂ ಕೈಯಿಂದ ಅವನ ಕೈ ಕುಲುಕಿದರು. "ನಮ್ಮ ಕಚೇರಿ ಉಳಿಸಿದ್ರಿ ಕಣ್ರೀ! ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲದು. ಇವತ್ತಿಂದ ಅಷ್ಟೂ ಶಾಖೆಗಳ ಕಂಪ್ಯೂಟರ್ ದೂರು ನೇರವಾಗಿ ನಿಮಗೇ ಬರ್ಲಿ!"

ಗುಬ್ಬಚ್ಚಿ ಬಾಯಿ ತೆರೆಯುವುದರೊಳಗೆ ಅವನ ಮೇಜಿನ ಮೇಲೆ ಫೋನೊಂದು ಬಂದು ಕೂತಿತು. ಸಾಹೇಬರು ಈ ಸಾಹಸವನ್ನು ಹೊರಗಿನವರಿಗೆಲ್ಲ ಸಾರಿ, ಆಮೇಲೆ ತಮ್ಮ ಕೋಣೆ ಸೇರಿದರು. ಮರುಕ್ಷಣ ಫೋನು ಅರಚಿತು.

"ರೀ, ನನ್ನ ಕಂಪ್ಯೂಟರ್‌ನಲ್ಲೂ ಅಕ್ಷರ ಊದಿಬಿಟ್ಟಿದೆ!" ಸಾಹೇಬರದೇ ದನಿ. "ವೈರಸ್ ಹಬ್ಬಿದೆ, ಓಡಿ ಬನ್ನಿ!"

ಗುಬ್ಬಚ್ಚಿ ಫೋನಿಗೆ ಕೈ ಅಡ್ಡ ಹಿಡಿದು ಅಕ್ಕನ ಕಡೆ ತಿರುಗಿದ.

ಅಕ್ಕ ಅಕ್ಕರೆಯಿಂದ ನಕ್ಕರು. "ನಿನ್ನನ್ನ ಅಷ್ಟು ಹೊಗಳಿದ್ರಲ್ಲ ತಮ್ಮಾ, ಆ ಉಪಕಾರಕ್ಕೆ ಅವರು ಹೊರಗಿದ್ದಾಗ ಅವರಿಗೂ ಹಾಕಿಕೊಟ್ಟೆ. ಪಾಪ, ಅವರಿಗೂ ಕಣ್ಣು ಮಂಜು."