ಭಯ ತೂಗುವ ತಕ್ಕಡಿ

ಎಲ್ಲಕ್ಕೂ ಕಾರಣ ಆ ಹಾಳು ತಕ್ಕಡಿ.

ಮನಸ್ಸಿನ ಭಯವನ್ನು ಹಾಳೆಯಲ್ಲಿ ಬರೆದು, ಅದಕ್ಕೆ ಸಾಕ್ಷಿ ಹುಡುಕಿ ಪರೀಕ್ಷಿಸುವುದು ಆಪ್ತಸಮಾಲೋಚಕ ಕೊಡುತ್ತಿದ್ದ ಚಿಕಿತ್ಸೆ. ಮಕ್ಕಳಿಗೆ ಬರೆಯಲು ಬೇಸರವೆಂದು ಅವನು ಭಯದ ಚಿತ್ರ ಬಿಡಿಸಲು ಹೇಳಿದ್ದ. ಮೂವರು ಅವನದೇ ಚಿತ್ರ ಬಿಡಿಸಿದ್ದರು. ವೃದ್ಧರ ಗುಂಪಿನಲ್ಲಿ ಅರ್ಧ ಜನ ಕನ್ನಡಕ ಮರೆತು ಬರುವವರು, ಉಳಿದವರು ಹಾಳೆಯನ್ನೇ ಮರೆತು ಬರುವವರು. ಅದಕ್ಕೇ ಇವತ್ತು ಹೆಂಡತಿ ಕೇಕಿಗೆ ಹಿಟ್ಟು ತೂಗುವ ತಕ್ಕಡಿಯನ್ನು ಅವಳ ಕಣ್ಣು ತಪ್ಪಿಸಿ ತಂದಿದ್ದ. ಭಯ ನಿಜ ಅನ್ನುವ ಸಾಕ್ಷಿಗೆ ಎಡತಟ್ಟೆಯಲ್ಲಿ ಕಲ್ಲು, ಸುಳ್ಳು ಅನ್ನುವುದಕ್ಕೆ ಬಲತಟ್ಟೆಯಲ್ಲಿ.

ಅವನ ಕೆಲಸ ಖಾಯಮ್ಮೋ ಅಲ್ಲವೋ ಎಂದು ಆಸ್ಪತ್ರೆಯ ದೊಡ್ಡ ಡಾಕ್ಟರಮ್ಮ ಇವತ್ತೇ ಬಂದು ನೋಡಿ ಹೇಳುವವರಿದ್ದರು. ಆಗದಿದ್ದರೆ ಹೆಂಡತಿ, ಕೂಸನ್ನು ಕಟ್ಟಿಕೊಂಡು ಮಾವನ ಮನೆಯ ಹಿಂದಿನ ಕೋಣೆ ಸೇರಬೇಕು. ಅದೇ ಯೋಚನೆಯಲ್ಲಿ ಕಲ್ಲಿನ ಚೀಲವನ್ನು ತಲೆಕೆಳಗಾಗಿ ಹಿಡಿದ; ಕಲ್ಲುಗಳೆಲ್ಲ ಬೆಂಚಿನಡಿ ಉರುಳಿದವು.

“ಏನಪ್ಪಾ, ತಿಂಡಿ ತಿಂದಿಲ್ವಾ?” ಎಂದಳು ಮುಂದಿನ ಸಾಲಿನ ಅಜ್ಜಿ.

“ಕೆಲಸ ಹೋಗುತ್ತೇನೋ ಅಂತ ಭಯ ಅಜ್ಜಿ,” ಬಾಯಿ ತಪ್ಪಿ ಬಂದುಬಿಟ್ಟಿತು.

ಅಷ್ಟೇ ಸಾಕಾಯಿತು. ನಿವೃತ್ತ ಬಸ್ ಡ್ರೈವರ್ ಕಲ್ಲುಗಳನ್ನು ಆರಿಸಿಕೊಂಡು ತಕ್ಕಡಿ ಎಳೆದುಕೊಂಡರು. “ಸಾಕ್ಷಿ ಹೇಳಿ ಸರ್.”

“ಡಾಕ್ಟರಮ್ಮ ಬೆಳಿಗ್ಗೆ ನನ್ನ ನೋಡಿ ನಗಲಿಲ್ಲ.”

“ಆಯಮ್ಮ ಯಾರನ್ನ ನೋಡಿ ನಕ್ಕಿದ್ದಾರೆ? ಇದು ನಡೆಯಲ್ಲ.”

“ನೀನು ಬಂದ್ಮೇಲೆ ನಂಗೆ ನಿದ್ದೆ ಬರ್ತಿದೆ. ಬಲಕ್ಕೆ ಒಂದು ಹಾಕಿ,” ಎಂದಳು ಅಜ್ಜಿ.

“ಆ ನಿದ್ದೆ ಇವರ ಕ್ಲಾಸಲ್ಲೇ ಬರುತ್ತೆ,” ಎನ್ನುತ್ತಲೇ ಡ್ರೈವರ್ ಕಲ್ಲು ಹಾಕಿದರು.

ಉಳಿದವರೂ ತಲೆಗೊಂದರಂತೆ ಸಾಕ್ಷಿ ಹೇಳುತ್ತಾ ಹೋದರು. ಬಲತಟ್ಟೆ ಮೇಜಿಗೆ ತಾಗಿತು. ಎಷ್ಟೋ ವಾರಗಳಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದು, ಅವನು ಮನಸಾರೆ ನಕ್ಕುಬಿಟ್ಟ.

ಬಾಗಿಲಲ್ಲಿ ಡಾಕ್ಟರಮ್ಮ ನಿಂತಿದ್ದರು. ಅವರೂ ನಗುತ್ತಿದ್ದರು.

“ಎಲ್ಲಾ ನೋಡ್ದೆ. ಚಿಕಿತ್ಸೆಯನ್ನ ಇವರಿಗೆ ಎಷ್ಟು ಚೆನ್ನಾಗಿ ಒಗ್ಗಿಸಿದ್ದೀರಿ. ಇನ್ನು ಇವರೇ ನಡೆಸ್ಕೊಂಡು ಹೋಗ್ತಾರೆ, ನಿಮ್ಮ ಹುದ್ದೆಯೇ ಬೇಕಾಗಲ್ಲ. ತಕ್ಕಡಿ ಮಾತ್ರ ಇಲ್ಲೇ ಬಿಟ್ಟು ಹೋಗಿ.”

ಅವರು ಹೋದ ಮೇಲೆ ಅಜ್ಜಿ ಬಲತಟ್ಟೆಯ ಕಲ್ಲುಗಳನ್ನು ಒಂದೊಂದಾಗಿ ಎಡಕ್ಕೆ ಸಾಗಿಸಿದಳು.

“ಮನೇಲಿ ಹೇಗೆ ಹೇಳೋದು? ಅವಳು ಸಿಗಿದುಹಾಕ್ತಾಳೆ,” ಎಂದ ಅವನು.

“ಅದಕ್ಕೆ ಸಾಕ್ಷಿ?” ಡ್ರೈವರ್ ಅಭ್ಯಾಸಬಲದಿಂದ ಕೇಳಿದರು.

ಅಷ್ಟರಲ್ಲಿ ಮೊಬೈಲ್ ಸದ್ದು ಮಾಡಿತು. ಹೆಂಡತಿಯ ಮೆಸೇಜು: ‘ನನ್ನ ತಕ್ಕಡಿ ಎಲ್ಲಿ?’

ಡ್ರೈವರ್ ಎಡತಟ್ಟೆಗೆ ಇನ್ನೊಂದು ಕಲ್ಲು ಹಾಕಿದರು.